ಕಂದಿಕೆರೆಗೆ ರಿಪೇರಿ ತಲುಪುವ ದಾರಿ

ನಾನು ಪಿಯುಸಿ ಓದುತ್ತಿದ್ದ ಕಾಲಕ್ಕೆ ಕಂದಿಕೆರೆಯವರು ಲಗ್ನಪತ್ರಿಕೆ ಅಚ್ಚು ಹಾಕಿಸಬೇಕೆಂದರೆ ಚಿಕ್ಕನಾಯಕನಹಳ್ಳಿಗೆ ಹೋಗಬೇಕಿತ್ತು. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಡಿಟಿಪಿ ಅಂಗಡಿ. ಎರಡು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು, ಗೋಡೆ ತುಂಬ ಮಾದರಿ ಪತ್ರಿಕೆಗಳು. ಕಾಲೇಜು ಬಿಟ್ಟು ಊರಿನ ಬಸ್ಸು ಬರುವವರೆಗೆ ಅಲ್ಲೇ ಕೂರುತ್ತಿದ್ದೆ. ಕೂತು ಕೂತು ಟೈಪಿಂಗ್ ಕಲಿತೆ. ಮದುವೆ ಸೀಸನ್ನಿನಲ್ಲಿ ಕೈಗೆ ಒಂದಿಷ್ಟು ಕಾಸೂ ಬರತೊಡಗಿತು. ವಿಂಡೋಸ್ 98, ಪೇಜ್‌ಮೇಕರ್, ಜೊತೆಗೊಂದು ಕನ್ನಡ ತಂತ್ರಾಂಶ. ಅಂಗಡಿಯ ಬಂಡವಾಳ ಅಷ್ಟೇ.

ಒಂದು ಬೆಳಿಗ್ಗೆ ಪೇಜ್‌ಮೇಕರ್ ತೆರೆಯಿತು, ಕನ್ನಡ ತಂತ್ರಾಂಶ ತೆರೆಯಲಿಲ್ಲ. ಪರದೆಯ ಮೇಲೆ ಯಾವುದೋ ಡಿಎಲ್‌ಎಲ್ ಫೈಲಿನ ಹೆಸರು, ಅದರೊಳಗೆ ಬೇಕಾದ ಎಂಟ್ರಿ ಪಾಯಿಂಟ್ ಸಿಗಲಿಲ್ಲವೆಂಬ ದೂರು. ಬೆಂಚಿನ ಮೇಲೆ ಮದುವೆ ಮನೆಯವರು ಕಾಯುತ್ತಿದ್ದರು. "ರಾತ್ರಿ ಗಂಟ ಸರಿಯಾಗೇ ಇತ್ತಲ್ಲೋ, ಯಾರ್ ಮುಟ್ಟಿದ್ರು ಇದನ್ನ?" ಎಂದು ಯಜಮಾನರು ಎಲ್ಲರ ಮುಖ ನೋಡಿದರು. ಆ ತಂತ್ರಾಂಶವನ್ನು ಯಾರೂ ಮುಟ್ಟಿರಲಿಲ್ಲ. ಅವರ ಮಗ ಹಿಂದಿನ ಸಂಜೆ ಒಂದು ಸಿಡಿಯಿಂದ ಕಾರ್ ರೇಸ್ ಆಟ ಹಾಕಿಕೊಂಡಿದ್ದ, ಅಷ್ಟೆ. ಆ ಆಟ ತನಗೆ ಬೇಕಾದ ಡಿಎಲ್‌ಎಲ್‌ನ ಹಳೆಯ ಪ್ರತಿಯನ್ನು ತಾನೇ ಹೊತ್ತು ತಂದು, ವಿಂಡೋಸ್‌ನ ಸಿಸ್ಟಮ್ ಫೋಲ್ಡರಿನಲ್ಲಿದ್ದ ಹೊಸ ಪ್ರತಿಯನ್ನು ಅಳಿಸಿ ಕೂತುಬಿಟ್ಟಿತ್ತು. ಪಕ್ಕದ ಕಂಪ್ಯೂಟರಿನಿಂದ ಸರಿಯಾದ ಫೈಲನ್ನು ಫ್ಲಾಪಿಯಲ್ಲಿ ತಂದು ಹಾಕಿದ ಮೇಲೆ ಕನ್ನಡ ತೆರೆಯಿತು, ಆಟ ನಿಂತಿತು. ಹುಡುಗ ನಮ್ಮ ಮೇಲೆ ಮುನಿಸಿಕೊಂಡ.

ಎರಡು ತಂತ್ರಾಂಶಗಳಿಗೆ ಒಂದಕ್ಕೊಂದರ ಗುರುತಿಲ್ಲ, ಆದರೂ ಒಂದು ಬಂದದ್ದಕ್ಕೆ ಇನ್ನೊಂದು ಬಿತ್ತು. ಇದರ ಹಿಂದೆ ಕಂಪ್ಯೂಟರ್ ಲೋಕದ ಬಹಳ ಹಳೆಯ ಜಗಳವೊಂದಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಮುಂದೆ ಬೆಂಗಳೂರಿನಲ್ಲಿ ಪ್ರೋಗ್ರಾಮರ್ ಆಗಿ ಆ ಜಗಳದ ಎರಡೂ ಪಕ್ಷಗಳಲ್ಲಿ ನಿಂತು ವಾದಿಸಿದ್ದೇನೆ.

ಜಗಳದ ವಿಷಯ ಇಷ್ಟು. ಒಂದು ಪ್ರೋಗ್ರಾಮ್ ಬರೆಯುವವನು ಎಲ್ಲವನ್ನೂ ತಾನೇ ಬರೆಯುವುದಿಲ್ಲ. ಫೈಲ್ ಕುಗ್ಗಿಸುವುದು, ಗುಟ್ಟಿನ ಸಂದೇಶ ಕಳಿಸುವುದು, ಅಕ್ಷರ ಮೂಡಿಸುವುದು, ಇಂಥವಕ್ಕೆಲ್ಲ ಬೇರೆಯವರು ಬರೆದಿಟ್ಟ ಲೈಬ್ರರಿಗಳಿರುತ್ತವೆ. ಆ ಲೈಬ್ರರಿಯ ಪ್ರತಿಯನ್ನು ಪ್ರೋಗ್ರಾಮಿನ ಒಳಗೇ ಬೆಸೆದುಬಿಟ್ಟರೆ ಅದು ಸ್ಟ್ಯಾಟಿಕ್ ಲಿಂಕಿಂಗ್. ಯಂತ್ರದಲ್ಲಿ ಎಲ್ಲರಿಗೂ ಸೇರಿ ಒಂದೇ ಪ್ರತಿ ಇಟ್ಟು, ಪ್ರೋಗ್ರಾಮ್ ಓಡಲು ಶುರುವಾದಾಗ ಅದಕ್ಕೆ ಕೊಂಡಿ ಹಾಕಿದರೆ ಡೈನಮಿಕ್ ಲಿಂಕಿಂಗ್. 1960ರ ದಶಕದ ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಈ ಎರಡನೆಯ ದಾರಿ ಇತ್ತು. ಅದರ ಅನುಭವದಿಂದ ಹುಟ್ಟಿದ ಯುನಿಕ್ಸ್ ಅದನ್ನು ಕೈಬಿಟ್ಟು ಸರಳವಾಗಿ ಹೊರಟಿತು. ಚಿತ್ರಗಳ ಪರದೆ ಬಂದು, ಪ್ರತಿ ಪುಟ್ಟ ಪ್ರೋಗ್ರಾಮಿನೊಳಗೂ ದೊಡ್ಡ ದೊಡ್ಡ ಲೈಬ್ರರಿಗಳ ಪ್ರತಿ ಸೇರಿಕೊಂಡು ಮೆಮೊರಿ ಸಾಲದಾದಾಗ ಸನ್ ಕಂಪನಿ 1988ರ ಸನ್‌ಓಎಸ್ 4.0ದಲ್ಲಿ ಶೇರ್ಡ್ ಲೈಬ್ರರಿಗಳನ್ನು ತಂದಿತು. ವಿಂಡೋಸ್‌ನಲ್ಲಿ ಅದೇ ಕೆಲಸಕ್ಕೆ ಡಿಎಲ್‌ಎಲ್. ಅಂದರೆ ಮೊದಲು ಇದು ಜಾಗ ಉಳಿಸುವ ಉಪಾಯ. ಜಾಗ ಅಗ್ಗವಾದ ಮೇಲೂ ಜಗಳ ನಿಂತಿಲ್ಲ ಎಂದರೆ ಅದರ ಗಂಟು ಬೇರೆಲ್ಲೋ ಇರಬೇಕು. ಅದು ಎಲ್ಲಿದೆ ಎನ್ನುವುದನ್ನು ನನಗೆ ತೋರಿಸಿದ್ದು ಕನ್ನಡದ ಒತ್ತಕ್ಷರ.

ಡಿಟಿಪಿ ಅಂಗಡಿಯ ಕನ್ನಡ ಯಾರನ್ನೂ ನೆಚ್ಚಿಕೊಳ್ಳದ ಕನ್ನಡವಾಗಿತ್ತು. ನುಡಿ, ಬರಹ, ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಲ್ಲವೂ ಹೆಚ್ಚುಕಡಿಮೆ ಒಂದೇ ಉಪಾಯ ಮಾಡಿದ್ದವು: ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಸಂಕೇತಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವುದು. ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ನಾವು ಒತ್ತಿದ್ದನ್ನು ತಂತ್ರಾಂಶ ಆ ತುಂಡುಗಳ ಸಾಲಾಗಿ ಬದಲಿಸುತ್ತಿತ್ತು. ಪೇಜ್‌ಮೇಕರ್ ಪಾಲಿಗೆ ಅದು ಬರೀ ವಿಚಿತ್ರ ಇಂಗ್ಲಿಷ್. ಕನ್ನಡವೆಂದು ಅದಕ್ಕೆ ಗೊತ್ತೇ ಇಲ್ಲ. ಹಾಗಾಗಿ ಅಲ್ಲಿ ಕೆಡುವುದಕ್ಕೂ ಏನೂ ಇರಲಿಲ್ಲ. ಆ ಕಾಲದ ಎಷ್ಟೋ ಫೈಲುಗಳು ಅದೇ ಫಾಂಟು ಇದ್ದರೆ ಇವತ್ತಿಗೂ ಅಕ್ಷರ ತಪ್ಪದೆ ಅಚ್ಚಾಗುತ್ತವೆ. ಆದರೆ ತಿಪಟೂರಿನ ಪ್ರೆಸ್ಸಿನಲ್ಲಿ ಬೇರೆ ತಂತ್ರಾಂಶವಿದ್ದರೆ ನಮ್ಮ ಫ್ಲಾಪಿ ಅಲ್ಲಿ ಕೆಲಸಕ್ಕೆ ಬಾರದು. ಅದೇ ಲಗ್ನಪತ್ರಿಕೆಯನ್ನು ಇನ್ನೊಮ್ಮೆ ಮೊದಲಿಂದ ಟೈಪ್ ಮಾಡಬೇಕು. ತನ್ನದೆಲ್ಲವನ್ನೂ ತಾನೇ ಹೊತ್ತು ತಿರುಗುವ ತಂತ್ರಾಂಶದ ಸುಖವೂ ಕಷ್ಟವೂ ಹೀಗೆ ಒಟ್ಟಿಗೇ ನನಗೆ ಪರಿಚಯವಾದವು.

ಆಮೇಲೆ ಯೂನಿಕೋಡ್ ಬಂತು. ಕನ್ನಡಕ್ಕೆ 1991ರ ಮೊದಲ ಯೂನಿಕೋಡ್‌ನಲ್ಲೇ ಜಾಗ ಸಿಕ್ಕಿತ್ತು. ಅದು ನಮ್ಮಂಥವರ ಕಂಪ್ಯೂಟರಿಗೆ ಇಳಿದದ್ದು 2001ರ ವಿಂಡೋಸ್ ಎಕ್ಸ್‌ಪಿ ಮೂಲಕ, ತುಂಗಾ ಫಾಂಟಿನ ಜೊತೆ. ಅದೂ ತಾನಾಗಿ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಜಟಿಲ ಲಿಪಿಗಳೆಂಬ ಚೌಕಕ್ಕೆ ಟಿಕ್ ಹಾಕಿದರೆ ಎಕ್ಸ್‌ಪಿಯ ಸಿಡಿ ಕೇಳುತ್ತಿತ್ತು. ಸಿಡಿ ಇಲ್ಲದಿದ್ದರೆ ಕನ್ನಡ ಇಲ್ಲ. ಯೂನಿಕೋಡ್‌ನಲ್ಲಿ ತುಂಡುಗಳಿಗೆ ಸಂಕೇತವಿಲ್ಲ, ಅಕ್ಷರಗಳಿಗೆ ಮಾತ್ರ ಇದೆ. ಕ, ಅದರ ಮೇಲೊಂದು ಹಲಂತ, ಮತ್ತೊಂದು ಕ ಎಂದು ಫೈಲಿನಲ್ಲಿರುತ್ತದೆ. ಅದನ್ನು ಕ್ಕ ಎಂದು ಜೋಡಿಸಿ ಕಾಣಿಸುವ ಕೆಲಸ ಇನ್ನೊಬ್ಬರದು. ವಿಂಡೋಸ್‌ನಲ್ಲಿ ಆ ಇನ್ನೊಬ್ಬರ ಹೆಸರು ಯೂನಿಸ್ಕ್ರೈಬ್, ಫೈಲಿನ ಹೆಸರು ಯುಎಸ್‌ಪಿ10 ಡಿಎಲ್‌ಎಲ್. ಕನ್ನಡ ಓದುವುದೆಂದರೆ ಈಗ ಎಲ್ಲರೂ ಹಂಚಿಕೊಳ್ಳುವ ಆ ಒಂದು ಡಿಎಲ್‌ಎಲ್ ಎಷ್ಟು ಕನ್ನಡ ಬಲ್ಲುದು ಎಂಬ ಪ್ರಶ್ನೆಯಾಯಿತು.

ಅದು ಆಗ ಪೂರ್ತಿ ಬಲ್ಲುದಾಗಿರಲಿಲ್ಲ. ಆಫೀಸ್ 2003ರ ಜೊತೆ ಅದರ ಹೊಸ ಪ್ರತಿಯೊಂದು ಬಂತು. ಅದಕ್ಕೆ ಭಾರತೀಯ ಲಿಪಿಗಳು ಇನ್ನಷ್ಟು ಚೆನ್ನಾಗಿ ಬರುತ್ತಿದ್ದವು. ಆದರೆ ಆಫೀಸ್ ಆ ಪ್ರತಿಯನ್ನು ತನ್ನ ಫೋಲ್ಡರಿನಲ್ಲೇ ಇಟ್ಟುಕೊಂಡಿತ್ತು. ಸಿಸ್ಟಮ್ ಫೋಲ್ಡರಿನಲ್ಲಿದ್ದ ಹಳೆಯದನ್ನು ಬದಲಿಸಹೊರಟರೆ ವಿಂಡೋಸ್ ಬಿಡುತ್ತಿರಲಿಲ್ಲ. ನಮ್ಮ ಅಂಗಡಿಯಲ್ಲಾದಂಥ ಅನಾಹುತ ಊರೂರಲ್ಲೂ ಆಗಿದ್ದರಿಂದ ವಿಂಡೋಸ್ 2000ದ ಹೊತ್ತಿಗೇ ಮೈಕ್ರೋಸಾಫ್ಟ್ ಅಲ್ಲಿ ಕಾವಲು ಹಾಕಿತ್ತು. ಹೀಗಾಗಿ ನಮ್ಮಂಥವರು ಒಂದು ಕಳ್ಳದಾರಿ ಕಂಡುಕೊಂಡೆವು. ಪ್ರೋಗ್ರಾಮ್ ತನಗೆ ಬೇಕಾದ ಡಿಎಲ್‌ಎಲ್ ಅನ್ನು ಮೊದಲು ತನ್ನ ಫೋಲ್ಡರಿನಲ್ಲಿ ಹುಡುಕುತ್ತದೆ, ಸಿಗದಿದ್ದರೆ ಮಾತ್ರ ಸಿಸ್ಟಮ್ ಫೋಲ್ಡರಿಗೆ ಹೋಗುತ್ತದೆ. ಹೊಸ ಯುಎಸ್‌ಪಿ10ನ ಪ್ರತಿಯನ್ನು ಬೇಕಾದ ಪ್ರೋಗ್ರಾಮಿನ ಫೋಲ್ಡರಿಗೆ ಹಾಕಿದರೆ ಆಯಿತು, ಆ ಪ್ರೋಗ್ರಾಮಿನಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತಿತ್ತು. ಪಕ್ಕದ ಪ್ರೋಗ್ರಾಮಿನಲ್ಲಿ ಹಾಗೇ ಉಳಿಯುತ್ತಿತ್ತು. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಪೆನ್ ಡ್ರೈವಿನಲ್ಲಿ ಆ ಫೈಲು ಇಟ್ಟುಕೊಂಡು ಕೋಣೆಯಿಂದ ಕೋಣೆಗೆ ಹೋಗಿ ಕನ್ನಡ ಸರಿ ಮಾಡಿಕೊಡುವುದು ನನಗೊಂದು ಗೀಳಾಗಿತ್ತು. ಹಂಚಿಕೊಂಡದ್ದು ಹಳತಾಗಿದ್ದಾಗ ಸ್ವಂತ ಪ್ರತಿಯೇ ದಿಕ್ಕು ಎನ್ನುವುದು ಅಲ್ಲಿ ಕಲಿತ ಪಾಠ.

ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಲಿನಕ್ಸ್ ಹಿಡಿದ ಮೇಲೆ ಆ ಪಾಠ ತಿರುಗಿಬಿತ್ತು. ನನ್ನ ಬಳಿ ಪರೀಕ್ಷೆಗೆಂದು ಒಂದು ಸಾಲು ಇರುತ್ತಿತ್ತು: ಚಿಕ್ಕನಾಯಕನಹಳ್ಳಿ, ಸೂರ್ಯ, ರ‍್ಯಾಂಕ್, ಕ್ಷೇತ್ರ. ಕಂದಿಕೆರೆ, ತಿಪಟೂರು, ತುರುವೇಕೆರೆಗಳಲ್ಲಿ ಒತ್ತಕ್ಷರವೇ ಇಲ್ಲ, ಅರೆಬರೆ ತಂತ್ರಾಂಶದಲ್ಲೂ ಪಾಸಾಗಿಬಿಡುತ್ತವೆ. ತಾಲ್ಲೂಕಿನ ಹೆಸರಿನಲ್ಲಿ ಎರಡು ಒತ್ತುಗಳಿವೆ. ಸೂರ್ಯದಲ್ಲಿ ಅರ್ಕಾವತ್ತು ಬರಬೇಕು, ರ‍್ಯಾಂಕ್‌ನಲ್ಲಿ ಬರಬಾರದು. ಎರಡೂ ಕಡೆ ಇರುವುದು ರ ಮತ್ತು ಯ. ವ್ಯತ್ಯಾಸ ತಿಳಿಸಲು ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಇಡಬೇಕು; ಅಕ್ಷರ ಜೋಡಿಸುವ ಲೈಬ್ರರಿಗೆ ಅದರ ಅರ್ಥ ಗೊತ್ತಿರಬೇಕು.

ಈ ಒಂದೇ ಸಾಲು ಒಂದೇ ಯಂತ್ರದಲ್ಲಿ ಮೂರು ಬಗೆಯಾಗಿ ಕಾಣುತ್ತಿತ್ತು. ಗ್ನೋಮ್ ಎಂಬ ಡೆಸ್ಕ್‌ಟಾಪಿನ ಪ್ರೋಗ್ರಾಮುಗಳು ಪ್ಯಾಂಗೋ ಎಂಬ ಲೈಬ್ರರಿಯನ್ನು ನೆಚ್ಚಿದ್ದವು. ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿನ ಪ್ರೋಗ್ರಾಮುಗಳಿಗೆ ಕ್ಯೂಟಿಯೊಳಗಿನ ಬೇರೆಯೇ ಎಂಜಿನ್. ಓಪನ್ ಆಫೀಸ್ ಐಸಿಯು ಎಂಬ ಮತ್ತೊಂದು ಲೈಬ್ರರಿ ಬಳಸುತ್ತಿತ್ತು. ಮೂರರಲ್ಲೂ ಕನ್ನಡದ ನಿಯಮಗಳನ್ನು ಮೂವರು ಬೇರೆ ಬೇರೆಯಾಗಿ ಬರೆದಿದ್ದರು. ಒಂದರಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ತಪ್ಪು. ದೂರನ್ನು ಮೂರು ಕಡೆ ಬರೆಯಬೇಕು, ಮೂರು ಕಡೆಯೂ ಕನ್ನಡ ಬಾರದ ಯಾರಿಗೋ ಚಿತ್ರ ತೆಗೆದು, ಬಾಣ ಹಾಕಿ, ಒತ್ತು ಕೆಳಗೆ ಬರಬೇಕು, ಅರ್ಕಾವತ್ತು ಪಕ್ಕಕ್ಕೆ ಬರಬೇಕು ಎಂದು ವಿವರಿಸಬೇಕು. ಅವರು ಒಳ್ಳೆಯವರೇ. ಆದರೆ ಅವರ ಮುಂದೆ ನೂರೆಂಟು ಲಿಪಿಗಳ ದೂರುಗಳಿದ್ದವು, ಕನ್ನಡದ ಸರದಿ ಬರುವಷ್ಟರಲ್ಲಿ ಒಂದು ಬಿಡುಗಡೆ ಕಳೆದುಹೋಗುತ್ತಿತ್ತು.

ಆ ಮೂರು ಎಂಜಿನ್‌ಗಳ ಜಾಗಕ್ಕೆ ಒಂದೇ ಒಂದನ್ನು ತಂದದ್ದು ಹಾರ್ಫ್‌ಬಜ್. ಇರಾನಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಬೆಹ್ದಾದ್ ಇಸ್ಫಹಬೋದ್ ಅದನ್ನು ಮೊದಲಿನಿಂದ ಹೊಸದಾಗಿ ಬರೆದರು. ಭಾರತೀಯ ಲಿಪಿಗಳ ಭಾಗ 2011–12ರ ಸುಮಾರಿಗೆ ಸಿದ್ಧವಾಯಿತು. ಅವರು ಪರೀಕ್ಷೆ ಮಾಡಿದ ರೀತಿ ನನಗೆ ಇವತ್ತಿಗೂ ಇಷ್ಟ. ಆಯಾ ಭಾಷೆಯ ವಿಕಿಪೀಡಿಯದಿಂದ ಪದಗಳ ರಾಶಿ ತೆಗೆದು, ಒಂದೊಂದು ಪದವನ್ನೂ ಯೂನಿಸ್ಕ್ರೈಬ್ ಜೋಡಿಸಿದಂತೆಯೇ ಹಾರ್ಫ್‌ಬಜ್ ಜೋಡಿಸುತ್ತದೆಯೇ ಎಂದು ಹೋಲಿಸುತ್ತ ಹೋದರು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದದ್ದು. ಕೆರೆ, ಊರು, ದೇವಸ್ಥಾನ, ಸಾಹಿತಿಗಳ ಬಗ್ಗೆ ಬಿಡುವಿನಲ್ಲಿ ಲೇಖನ ಬರೆದವರು ತಮಗೆ ತಿಳಿಯದಂತೆಯೇ ಕನ್ನಡದ ಅಕ್ಷರ ಜೋಡಣೆಗೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರೆದುಕೊಟ್ಟಿದ್ದರು.

2012ರಲ್ಲಿ ಪ್ಯಾಂಗೋ ಹಾರ್ಫ್‌ಬಜ್‌ಗೆ ಬದಲಾಯಿತು. ಓಪನ್ ಆಫೀಸ್‌ನಿಂದ ಕವಲೊಡೆದ ಲಿಬ್ರೆಆಫೀಸ್‌ನ 2013ರ 4.1ರಲ್ಲಿ, ಲಿನಕ್ಸ್ ಮಟ್ಟಿಗೆ, ಐಸಿಯುವಿನ ಜಾಗಕ್ಕೆ ಈಜಿಪ್ಟಿನ ಖಾಲಿದ್ ಹೊಸ್ನಿ ಅದನ್ನು ತಂದರು, 2017ರ 5.3ರ ಹೊತ್ತಿಗೆ ವಿಂಡೋಸ್, ಮ್ಯಾಕ್ ಎಲ್ಲ ಕಡೆಗೂ. ಕ್ಯೂಟಿ ಕೂಡ ಅದೇ ದಾರಿ ಹಿಡಿಯಿತು. ಆ ವರ್ಷಗಳಲ್ಲಿ ಒಂದು ಸಂಜೆ ಸಿಸ್ಟಮ್ ಅಪ್‌ಡೇಟ್ ಮಾಡಿ ನನ್ನ ಪರೀಕ್ಷೆಯ ಸಾಲನ್ನು ತೆರೆದೆ. ಟೆಕ್ಸ್ಟ್ ಎಡಿಟರ್, ಮೇಲ್, ಮೆನುಗಳು, ಎಲ್ಲ ಕಡೆಯೂ ರ‍್ಯಾಂಕ್ ಒಂದೇ ಥರ, ಸರಿಯಾಗಿ ಬಂದಿತ್ತು. ಆ ಪ್ರೋಗ್ರಾಮುಗಳನ್ನು ಬರೆದವರಲ್ಲಿ ಎಷ್ಟೋ ಜನ ಕನ್ನಡವೆಂಬ ಹೆಸರು ಕೇಳಿರಲಾರರು. ಕೇಳಬೇಕಾದ ಅಗತ್ಯವೂ ಬರಲಿಲ್ಲ. ಅವರೆಲ್ಲ ಕೊಂಡಿ ಹಾಕಿಕೊಂಡಿದ್ದ ಒಂದು ಫೈಲು ಬದಲಾಗಿತ್ತು, ಅಷ್ಟೆ.

ಆ ಫೈಲಿನ ಹೆಸರಿನ ಕೊನೆಯಲ್ಲಿ ಒಂದು ಸೊನ್ನೆ ಇದೆ: ಲಿಬ್‌ಹಾರ್ಫ್‌ಬಜ್ ಡಾಟ್ ಎಸ್‌ಓ ಡಾಟ್ 0. ಲಿನಕ್ಸ್‌ನಲ್ಲಿ ಶೇರ್ಡ್ ಲೈಬ್ರರಿಯ ಹೆಸರಿಗೆ ಹೀಗೊಂದು ಅಂಕಿ ಅಂಟಿರುತ್ತದೆ. ಹಳೆಯ ಪ್ರೋಗ್ರಾಮುಗಳು ಮುರಿಯುವಂಥ ಬದಲಾವಣೆ ಮಾಡಿದರೆ ಅಂಕಿಯನ್ನು ಏರಿಸಬೇಕು. ಆಗ ಹಳೆಯವು ಹಳೆಯ ಅಂಕಿಯ ಪ್ರತಿಯನ್ನೇ ಹುಡುಕಿಕೊಳ್ಳುತ್ತವೆ, ಹೊಸವು ಹೊಸದನ್ನು. ನಮ್ಮ ಡಿಟಿಪಿ ಅಂಗಡಿಯ ಡಿಎಲ್‌ಎಲ್‌ಗೆ ಇಲ್ಲದಿದ್ದದ್ದು ಈ ಶಿಸ್ತು. ಹಾರ್ಫ್‌ಬಜ್‌ನವರು ಒಳಗೆ ಏನೆಲ್ಲ ಬದಲಿಸಿದರೂ ಹೊರಗಿನ ಬಾಗಿಲನ್ನು ಮುರಿಯದೆ ಆ ಸೊನ್ನೆಯನ್ನು ಹಾಗೇ ಕಾಪಾಡಿಕೊಂಡು ಬಂದಿದ್ದಾರೆ. ಹಂಚಿಕೊಂಡ ವಸ್ತುವನ್ನು ನೆಚ್ಚಿಕೊಳ್ಳಬಹುದು ಎನ್ನುವ ಧೈರ್ಯ ಬರುವುದು ಇಂಥ ಹಟದಿಂದ.

ಜಗಳದ ಇನ್ನೊಂದು ಮುಖ ನೋಡಿದ್ದು 2014ರ ಏಪ್ರಿಲ್‌ನಲ್ಲಿ. ಗುಟ್ಟಿನ ಸಂದೇಶ ಕಳಿಸುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ 1.0.1 ಸಾಲಿನಲ್ಲಿ ಎರಡು ವರ್ಷದಿಂದ ಅಡಗಿದ್ದ ಹಾರ್ಟ್‌ಬ್ಲೀಡ್ ದೋಷ ಏಪ್ರಿಲ್ 7ರಂದು ಬಯಲಾಯಿತು. ಸರ್ವರಿನ ಮೆಮೊರಿಯಿಂದ ಒಂದೊಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಯಾರು ಬೇಕಾದರೂ ಕದಿಯಬಹುದಿತ್ತು. ನಾನಿದ್ದ ಕಂಪನಿಯಲ್ಲಿ ಆ ರಾತ್ರಿ ಯಾರೂ ಮನೆಗೆ ಹೋಗಲಿಲ್ಲ. ಲಿನಕ್ಸ್ ಸರ್ವರುಗಳ ಕೆಲಸ ಬೇಗ ಮುಗಿಯಿತು: ಲೈಬ್ರರಿಯ ಪ್ಯಾಕೇಜ್ ಬದಲಿಸುವುದು, ಆಮೇಲೆ ಒಂದೊಂದು ಸರ್ವಿಸನ್ನೂ ನಿಲ್ಲಿಸಿ ಮತ್ತೆ ಎಬ್ಬಿಸುವುದು. ಎಬ್ಬಿಸದಿದ್ದರೆ ಓಡುತ್ತಿರುವ ಪ್ರೋಗ್ರಾಮ್ ಅಳಿಸಿಹೋದ ಹಳೆಯ ಪ್ರತಿಯನ್ನೇ ಮೆಮೊರಿಯಲ್ಲಿ ಹಿಡಿದು ಕೂತಿರುತ್ತದೆ. ಉಳಿದದ್ದು ಹೊರಗಿನಿಂದ ಕೊಂಡು ತಂದ ಒಂದು ಪೆಟ್ಟಿಗೆ. ಅದರ ತಂತ್ರಾಂಶದೊಳಗೆ ಓಪನ್‌ಎಸ್‌ಎಸ್‌ಎಲ್ ಬೆಸೆದುಹೋಗಿತ್ತು. ಯಾವ ಆವೃತ್ತಿ ಎಂದು ನಮಗೆ ತಿಳಿಯುವಂತಿರಲಿಲ್ಲ, ಮಾರಿದವರಿಗೂ ತಕ್ಷಣ ಹೇಳಲಾಗಲಿಲ್ಲ. ಅವರ ರಿಪೇರಿ ಬರುವವರೆಗೆ ಅದರ ತಂತಿ ಕಿತ್ತಿಟ್ಟೆವು.

ನಮ್ಮ ತಂಡದ ಹಿರಿಯರೊಬ್ಬರು ಆಗ 2002ರ ಮಾರ್ಚ್ ತಿಂಗಳ ಕಥೆ ಹೇಳಿದರು. ಫೈಲ್ ಕುಗ್ಗಿಸುವ ಜೆಡ್‌ಲಿಬ್‌ನಲ್ಲಿ ಒಂದು ದೋಷ ಸಿಕ್ಕಿತ್ತು. ಪುಟ್ಟ ಲೈಬ್ರರಿ, ಎಲ್ಲರಿಗೂ ಬೇಕಾದದ್ದು. ಹಾಗಾಗಿ ಲೆಕ್ಕವಿಲ್ಲದಷ್ಟು ಪ್ರೋಗ್ರಾಮುಗಳು ಅದರ ಪ್ರತಿಯನ್ನು ಒಳಗೇ ಸೇರಿಸಿಕೊಂಡಿದ್ದವು. ಶೇರ್ಡ್ ಪ್ರತಿಯನ್ನು ಸರಿ ಮಾಡಿದ ಮೇಲೆ ಒಳಗೆ ಅವಿತ ಪ್ರತಿಗಳನ್ನು ಒಂದೊಂದಾಗಿ ಬೇಟೆಯಾಡಬೇಕಾಯಿತು. ಡೆಬಿಯನ್ ಎಂಬ ಲಿನಕ್ಸ್ ಹಂಚಿಕೆಯ (ಡಿಸ್ಟ್ರಿಬ್ಯೂಷನ್) ಭದ್ರತಾ ತಂಡ ಯಾವ ಪ್ಯಾಕೇಜಿನೊಳಗೆ ಯಾವ ಲೈಬ್ರರಿಯ ಪ್ರತಿ ಅಡಗಿದೆ ಎಂದು ಒಂದು ಪಟ್ಟಿಯನ್ನೇ ಇಟ್ಟುಕೊಂಡಿತ್ತು. ಆ ಪಟ್ಟಿ ನನ್ನ ತಲೆಯಲ್ಲಿ ಉಳಿಯಿತು.

ಇಷ್ಟೆಲ್ಲ ಕಂಡ ಮೇಲೂ ಎದುರು ಪಕ್ಷದವರ ಮಾತನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. ಬೆಲ್ ಲ್ಯಾಬ್ಸ್‌ನ ಪ್ಲಾನ್ 9 ಎಂಬ ಆಪರೇಟಿಂಗ್ ಸಿಸ್ಟಮ್ ಡೈನಮಿಕ್ ಲಿಂಕಿಂಗ್ ಇಲ್ಲದೆಯೇ ನಡೆಯಿತು. ಅಲ್ಲಿಂದ ಬಂದ ಕೆನ್ ಥಾಂಪ್ಸನ್, ರಾಬ್ ಪೈಕ್ ಅವರು ರಾಬರ್ಟ್ ಗ್ರೀಸೆಮರ್ ಜೊತೆ ಗೂಗಲ್‌ನಲ್ಲಿ ಮಾಡಿ 2009ರಲ್ಲಿ ಹೊರತಂದ ಗೋ ಭಾಷೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಬೆಸೆದುಕೊಡುತ್ತದೆ. ಒಂದು ನಮಸ್ಕಾರ ಅಚ್ಚು ಹಾಕುವ ಪ್ರೋಗ್ರಾಮೂ ಒಂದೆರಡು ಎಂಬಿ ಆಗುತ್ತದೆ ನಿಜ. ಆದರೆ ಆ ಫೈಲನ್ನು ಅದೇ ಬಗೆಯ ಪ್ರೊಸೆಸರ್ ಇರುವ ಯಾವ ಲಿನಕ್ಸ್ ಯಂತ್ರಕ್ಕೆ ಒಯ್ದರೂ ಓಡುತ್ತದೆ, ಅಲ್ಲಿ ಏನಿದೆ ಏನಿಲ್ಲ ಎಂದು ಕೇಳಬೇಕಿಲ್ಲ. 2014ರ ಡೆಬಿಯನ್ ಸಮ್ಮೇಳನದಲ್ಲಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಸಬ್‌ಸರ್ಫೇಸ್ ಎಂಬ ತಂತ್ರಾಂಶದ ಗೋಳು ಹೇಳಿಕೊಂಡರು. ವಿಂಡೋಸ್‌ಗೆ, ಮ್ಯಾಕ್‌ಗೆ ಒಂದೊಂದು ಪ್ರತಿ ಮಾಡಿದರೆ ಮುಗಿಯಿತು, ಲಿನಕ್ಸ್‌ಗೆ ಮಾತ್ರ ಪ್ರತಿ ಹಂಚಿಕೆಗೂ ಅದರ ಪ್ರತಿ ಆವೃತ್ತಿಗೂ ಬೇರೆ ಬೇರೆ ಎಂದು. ಲಿನಕ್ಸ್ ಕಟ್ಟಿದವರದ್ದೇ ಈ ಪಾಡು. 2013ರಲ್ಲಿ ಬಂದ ಡಾಕರ್ ಅಷ್ಟು ಬೇಗ ಹಬ್ಬಿದ್ದಕ್ಕೆ ಒಂದು ಕಾರಣ ಈ ಬೇಸರವೇ. ಲೈಬ್ರರಿಗಳ ಸಂಸಾರವನ್ನೆಲ್ಲ ಕಟ್ಟಿ ಒಂದು ಪೆಟ್ಟಿಗೆಗೆ, ಅಂದರೆ ಕಂಟೇನರಿಗೆ, ಹಾಕಿ ಸಾಗಿಸಿಬಿಡುವುದು.

ಹಂಚಿಕೊಂಡದ್ದೇ ಬಾಗಿಲಾಗಬಹುದು ಎಂಬುದೂ 2024ರ ಮಾರ್ಚ್‌ನಲ್ಲಿ ಗೊತ್ತಾಯಿತು. ಎಕ್ಸ್‌ಜೆಡ್ ಎಂಬ ಕುಗ್ಗಿಸುವ ಲೈಬ್ರರಿಯನ್ನು ಬಹುಕಾಲ ಲಾಸ್ಸೆ ಕೊಲಿನ್ ಎಂಬ ಒಬ್ಬರೇ ನೋಡಿಕೊಳ್ಳುತ್ತಿದ್ದರು. ದಣಿದಿದ್ದ ಅವರ ನೆರವಿಗೆಂದು ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಬಂದವರು ವರ್ಷಗಟ್ಟಲೆ ನಂಬಿಕೆ ಗಳಿಸಿ, 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಇಟ್ಟರು. ದೂರದಿಂದ ಲಾಗಿನ್ ಮಾಡುವ ಎಸ್‌ಎಸ್‌ಎಚ್ ಸರ್ವರಿಗೆ ಎಕ್ಸ್‌ಜೆಡ್ ನೇರವಾಗಿ ಬೇಕೇ ಇಲ್ಲ. ಕೆಲವು ಲಿನಕ್ಸ್ ಹಂಚಿಕೆಗಳು ಅದಕ್ಕೆ ಸಿಸ್ಟಮ್‌ಡಿಯ ಲೈಬ್ರರಿಯನ್ನು ಜೋಡಿಸಿದ್ದವು, ಆ ಲೈಬ್ರರಿಯ ಬೆನ್ನಿಗೆ ಎಕ್ಸ್‌ಜೆಡ್ ಬಂದು ಕೂರುತ್ತಿತ್ತು. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಕೆದಕದಿದ್ದರೆ ಅದು ಎಲ್ಲಿಗೆ ಮುಟ್ಟುತ್ತಿತ್ತೋ.

ನಮ್ಮ ಕಡೆಯವರಿಗೆ ಈ ವಾದದ ಎರಡೂ ಪಕ್ಷಗಳು ಅರ್ಥವಾಗುತ್ತವೆ. ಕೆರೆ ಎಲ್ಲರದ್ದು, ತೂಬು ಎತ್ತುವುದು ನೀರುಗಂಟಿ, ಯಾರ ಗದ್ದೆಗೆ ಯಾವಾಗ ನೀರು ಎನ್ನುವುದಕ್ಕೆ ಊರಿನ ಕಟ್ಟಳೆ ಇತ್ತು. ಹೂಳು ತುಂಬಿತು, ಏರಿಯ ಮೇಲೆ ಜಾಲಿ ಬೆಳೆಯಿತು, ತೋಟಕ್ಕೊಂದು ಬೋರು ಬಂತು. "ಕೆರೆ ನಂಬ್ಕಂಡು ಕೂತ್ರೆ ತೆಂಗಿನ ಸುಳಿ ಒಣಗೋಗುತ್ತೆ ಕಣೋ" ಎನ್ನುತ್ತಿದ್ದ ನನ್ನ ಚಿಕ್ಕಪ್ಪನ ಮಾತು ತಪ್ಪಾಗಿರಲಿಲ್ಲ. ಕೆರೆ ನೋಡಿಕೊಳ್ಳುವವರು ಇಲ್ಲವಾದ ಮೇಲೆ ಬೋರು ಕೊರೆಸಿದವನನ್ನು ಬಯ್ಯುವುದು ನ್ಯಾಯವಲ್ಲ. ಆದರೆ ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ಕೆರೆಯ ನೀರು ಒಬ್ಬ ತೆಗೆದಷ್ಟೂ ಇನ್ನೊಬ್ಬನಿಗೆ ಕಡಿಮೆ. ಲೈಬ್ರರಿಯನ್ನು ಲಕ್ಷ ಪ್ರೋಗ್ರಾಮುಗಳು ಬಳಸಿದರೂ ಅದು ಸವೆಯುವುದಿಲ್ಲ. ಸವೆಯುವುದು ಅದನ್ನು ಕಾಯುವ ಮನುಷ್ಯ. ಎಕ್ಸ್‌ಜೆಡ್‌ನಲ್ಲಿ ಆದದ್ದು ಅದೇ.

ನನ್ನ ಯೋಚನೆ ಒಂದು ಕಡೆಗೆ ನಿಂತದ್ದು ಮನೆಯ ಫೋನಿನಿಂದ. ಸ್ಮಾರ್ಟ್‌ಫೋನ್ ಹೊಸದಾಗಿ ಬಂದಾಗ ಅಪ್ಪನಿಗೊಂದು ತಂದುಕೊಟ್ಟಿದ್ದೆ. ತಿಪಟೂರು ಮಾರುಕಟ್ಟೆಯ ಕೊಬ್ಬರಿ ದರ ನೋಡಲಿ ಎಂದು ನನ್ನ ಆಸೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಒಣಗಿಸಿ ಕೊಬ್ಬರಿ ಮಾಡುವವರಿಗೆ ಯಾವ ವಾರ ಸುಲಿಸಬೇಕು ಎನ್ನುವುದೇ ದೊಡ್ಡ ಲೆಕ್ಕ. "ಇದ್ರಲ್ಲಿ ಬರೀ ಡಬ್ಬನೇ ಬತ್ತವಲ್ಲೋ" ಎಂದು ಅಪ್ಪ ಫೋನು ಮರಳಿಸಿದರು. ಆಂಡ್ರಾಯ್ಡ್‌ಗೆ ಆಗ ಕನ್ನಡ ಬರುತ್ತಿರಲಿಲ್ಲ. ಊರಿನ ಹುಡುಗರು ಒಪೆರಾ ಮಿನಿಯಲ್ಲಿ ಒಪೆರಾ ಕಾನ್ಫಿಗ್ ಎಂದು ಒತ್ತಿ, ಜಟಿಲ ಲಿಪಿಗಳನ್ನು ಚಿತ್ರವಾಗಿ ತೋರಿಸು ಎಂಬ ಆಯ್ಕೆ ಹಾಕಿಕೊಂಡು ಓದುತ್ತಿದ್ದರು. ಅಕ್ಷರ ಜೋಡಿಸುವ ಕೆಲಸ ಎಲ್ಲೋ ದೂರದ ಸರ್ವರಿನಲ್ಲಿ ಆಗಿ ಫೋನಿಗೆ ಬರೀ ಚಿತ್ರ ಬರುತ್ತಿತ್ತು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಬಂದವು. ಹಾರ್ಫ್‌ಬಜ್ ಅಲ್ಲೂ ಇದೆ. ಆದರೆ ಅಪ್ಪನ ಫೋನಿಗೆ 4.1 ಬರಲೇ ಇಲ್ಲ; ತಯಾರಿಸಿದವರು ಹಳೆಯ ಮಾದರಿಯನ್ನು ಅಲ್ಲಿಗೇ ಕೈಬಿಟ್ಟಿದ್ದರು.

ಇಲ್ಲಿ ಲೈಬ್ರರಿ ಹಂಚಿಕೊಂಡದ್ದೇ. ಫೋನಿನ ಬಹುತೇಕ ಆ್ಯಪ್‌ಗಳಿಗೆ ಅದೊಂದೇ. ಜಗತ್ತಿನಲ್ಲಿ ರಿಪೇರಿಯೂ ಆಗಿತ್ತು. ಕಂದಿಕೆರೆಗೆ ಮಾತ್ರ ಅದು ಬಂದು ಸೇರುವ ದಾರಿ ಇರಲಿಲ್ಲ, ಹೊಸ ಫೋನು ಕೊಳ್ಳುವುದೊಂದನ್ನು ಬಿಟ್ಟು. ಕೊಂಡ ಮೇಲೆ ನೋಡಿದರೆ, ಅದರಲ್ಲಿನ ಕ್ರೋಮ್ ಬ್ರೌಸರ್ ತನ್ನದೇ ಹಾರ್ಫ್‌ಬಜ್ ಪ್ರತಿಯನ್ನು ಹೊತ್ತುಕೊಂಡಿತ್ತು, ಆದರೆ ಕೆಲವು ವಾರಗಳಿಗೊಮ್ಮೆ ಹೊಸದಾಗುತ್ತಿತ್ತು. ನನ್ನ ಸಿದ್ಧಾಂತದ ಪ್ರಕಾರ ತಪ್ಪು ಮಾಡುತ್ತಿದ್ದ ಪ್ರೋಗ್ರಾಮಿನಲ್ಲೇ ಕನ್ನಡ ಎಲ್ಲಕ್ಕಿಂತ ಚೆನ್ನಾಗಿತ್ತು. 2014ರ ಆಂಡ್ರಾಯ್ಡ್ 5ರಲ್ಲಿ ಗೂಗಲ್ ಇನ್ನೊಂದು ಕೆಲಸ ಮಾಡಿತು: ಆ್ಯಪ್‌ಗಳೆಲ್ಲ ವೆಬ್ ಪುಟ ತೋರಿಸಲು ಹಂಚಿಕೊಳ್ಳುವ ವೆಬ್‌ವ್ಯೂ ಭಾಗವನ್ನು ಫೋನಿನ ವ್ಯವಸ್ಥೆಯಿಂದ ಬಿಡಿಸಿ ಪ್ಲೇ ಸ್ಟೋರಿನ ಮೂಲಕ ಹೊಸದು ಮಾಡತೊಡಗಿತು. ಹಂಚಿಕೊಂಡದ್ದೂ ಹೌದು, ಫೋನು ಮಾಡಿದವರ ಮರ್ಜಿಗೆ ಕಾಯಬೇಕಾಗಿಯೂ ಇಲ್ಲ.

ಹೀಗಾಗಿ ಸ್ಟ್ಯಾಟಿಕ್ ಮೇಲೋ ಡೈನಮಿಕ್ ಮೇಲೋ ಎಂದು ಯಾರಾದರೂ ಕೇಳಿದರೆ ನಾನೀಗ ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಇದರಲ್ಲಿ ತಪ್ಪು ಕಂಡರೆ ತಿದ್ದುವ ಮನುಷ್ಯ ಯಾರು? ಅವನು ತಿದ್ದಿದ್ದು ಕಟ್ಟಕಡೆಯ ಬಳಕೆದಾರನಿಗೆ ಎಷ್ಟು ದಿನಕ್ಕೆ, ಯಾವ ದಾರಿಯಲ್ಲಿ ಮುಟ್ಟುತ್ತದೆ? ದೊಡ್ಡ ಭಾಷೆಯವರಿಗೆ ಈ ಪ್ರಶ್ನೆಗಳ ಬಿಸಿ ತಟ್ಟುವುದಿಲ್ಲ. ಇಂಗ್ಲಿಷ್ ಅಕ್ಷರ ಕೆಟ್ಟರೆ ಪ್ರೋಗ್ರಾಮ್ ಬರೆದವನ ಕಣ್ಣಿಗೇ ಬೀಳುತ್ತದೆ, ತನ್ನ ಪ್ರತಿಯನ್ನು ಅವನೇ ಅವತ್ತೇ ತಿದ್ದುತ್ತಾನೆ. ಕನ್ನಡದ ಅರ್ಕಾವತ್ತು ಜಾಗ ತಪ್ಪಿದರೆ ಅವನಿಗೆ ತಿಳಿಯುವುದೇ ಇಲ್ಲ. ಅವನೊಬ್ಬೊಬ್ಬನಿಗೂ ದೂರು ಬರೆದು ಗೆಲ್ಲುವಷ್ಟು ಜನ ನಾವಿಲ್ಲ. ನಮಗೆ ಅನುಕೂಲ ಏನಿದ್ದರೂ ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಸರಿಯಾಗುವ ಏರ್ಪಾಡಿನಲ್ಲಿದೆ. ಅದು ಶೇರ್ಡ್ ಲೈಬ್ರರಿಯಿಂದ ಆದರೂ ಸರಿ, ವಾರವಾರ ಹೊಸ ಪ್ರತಿ ಬೆಸೆದುಕೊಡುವ ಶಿಸ್ತಿನಿಂದ ಆದರೂ ಸರಿ.

ಈಚೆಗೆ ನಾನು ಕೆಲಸ ಮಾಡುವಲ್ಲಿ ಕನ್ನಡ ರಸೀದಿಗಳ ಪಿಡಿಎಫ್ ಮಾಡುವ ಒಂದು ಸರ್ವಿಸಿನಿಂದ ಒತ್ತುಗಳು ಚೆದುರಿ ಬರತೊಡಗಿದವು. ಹಿಂದೆ ಯಾರೋ ಕಟ್ಟಿಟ್ಟ ಕಂಟೇನರ್. ಅದರೊಳಗೆ ಅಕ್ಷರ ಜೋಡಿಸುವ ಲೈಬ್ರರಿಯ ಹಳೆಯ ಪ್ರತಿ ಹಾಗೇ ಉಳಿದಿತ್ತು. ಹೊರಗಿನ ಯಂತ್ರದಲ್ಲಿ ಹೊಸದಿದ್ದರೂ ಪೆಟ್ಟಿಗೆಯೊಳಗಿನದಕ್ಕೆ ಅದರ ಗಾಳಿ ಸೋಕಿರಲಿಲ್ಲ. ತಂಡದ ಕಿರಿಯ ಗೆಳತಿಯೊಬ್ಬಳು, "ಸರ್, ಕಂಟೇನರೇ ಬೇಡ ಅಂದ್ರೆ ನಾವು ಹತ್ತು ವರ್ಷ ಹಿಂದಕ್ಕೆ ಹೋಗ್ತೀವಿ. ಡಿಸ್ಕ್ ಅಗ್ಗ, ನಮ್ಮ ಟೈಮು ಅಗ್ಗ ಅಲ್ಲ" ಎಂದಳು. ಅವಳ ಮಾತು ನಿಜ. "ಕಂಟೇನರ್ ಇರಲಮ್ಮ. ಇನ್ನು ಮೂರು ವರ್ಷ ಬಿಟ್ಟು ಇದನ್ನ ಮತ್ತೆ ಕಟ್ಟೋರು ಯಾರು ಅಂತ ಹೇಳು, ಸಾಕು" ಎಂದೆ.

ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಕಂಟೇನರುಗಳು ಪ್ರತಿ ವಾರ ತಾವಾಗಿ ಹೊಸ ಲೈಬ್ರರಿಗಳೊಂದಿಗೆ ಮತ್ತೆ ಕಟ್ಟಿಕೊಳ್ಳಬೇಕು. ಕಟ್ಟಿದ ಮೇಲೆ ಒಂದು ಪರೀಕ್ಷಾ ಪುಟವನ್ನು ಅಚ್ಚು ಹಾಕಿ ಸರಿಯಾದ ಚಿತ್ರದೊಂದಿಗೆ ಹೋಲಿಸಬೇಕು, ಹೊಂದದಿದ್ದರೆ ಬಿಡುಗಡೆ ನಿಲ್ಲಬೇಕು. ಡೆಬಿಯನ್‌ನವರ ಹಾಗೆ ನಾವೂ ಒಂದು ಪಟ್ಟಿ ಮಾಡಿದೆವು. ಎಡಗಡೆ ನಮ್ಮ ಪ್ರೋಗ್ರಾಮುಗಳೊಳಗೆ ಬೆಸೆದ ಪ್ರತಿಯೊಂದು ಲೈಬ್ರರಿ, ಬಲಗಡೆ ಅದರ ಸುದ್ದಿ ನೋಡುತ್ತಿರಬೇಕಾದ ಒಬ್ಬ ಮನುಷ್ಯನ ಹೆಸರು. ಬಲಗಡೆ ಖಾಲಿ ಇರುವ ಲೈಬ್ರರಿಯನ್ನು ಒಳಗೆ ಬೆಸೆಯುವಂತಿಲ್ಲ. ಪರೀಕ್ಷಾ ಪುಟದ ಮೊದಲ ಪದ ಚಿಕ್ಕನಾಯಕನಹಳ್ಳಿ. ಓಪನ್‌ಎಸ್‌ಎಸ್‌ಎಲ್ ಎದುರು ಆ ಕಿರಿಯ ಗೆಳತಿ ತನ್ನ ಹೆಸರು ಬರೆದಳು, ಹಾರ್ಫ್‌ಬಜ್ ಎದುರು ನಾನು ನನ್ನದನ್ನು ಬರೆದೆ.